ನಾರ್ಮಲ್ ಬಂದಿರೋದೇ ಮಾತ್ರೆಯಿಂದ

‘ಟಿಎಸ್‌ಎಚ್ ನಾರ್ಮಲ್‌ಗೆ ಬಂದ ಮೇಲೆ ಥೈರಾಯ್ಡ್ ಮಾತ್ರೆಯ ಚಿಂತೆ ಬೇಡ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಆ ಸಾಲನ್ನು ದಯವಿಟ್ಟು ತಿದ್ದಿ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಇನ್ನೊಂದು ಹಾರ್ಮೋನು. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ನನ್ನ ರಿಪೋರ್ಟಿನಲ್ಲಿ 4.2 ಇತ್ತು, ಲ್ಯಾಬಿನ ಲೆಕ್ಕದಲ್ಲಿ ಸರಿಯೇ. ಆದರೆ ಮಾತ್ರೆ ತಗೊಳ್ಳುತ್ತಾ ಮಗುವಿಗೆ ಪ್ರಯತ್ನಿಸುವವರಿಗೆ ಅದು 2.5ರ ಒಳಗಿರಬೇಕು ಅಂತ ಎರಡನೇ ಡಾಕ್ಟರು ಹೇಳುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಅವರು ಮೊದಲು ಕೇಳಿದ್ದೇ ‘ಮಾತ್ರೆ ಹೇಗೆ ತಗೋತೀರಮ್ಮ?’ ಅಂತ. ನಾನು ಬೆಳಗಿನ ಕಾಫಿ ಜೊತೆಗೇ ನುಂಗಿ, ತಿಂಡಿಯಾದ ಕೂಡಲೇ ಕಬ್ಬಿಣಾಂಶದ ಮಾತ್ರೆ ಹಾಕಿಕೊಳ್ಳುತ್ತಿದ್ದೆ! ಅವರು ಹೇಳಿಕೊಟ್ಟ ಕ್ರಮ ಇಷ್ಟೇ: ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಕಾಫಿ, 4 ಗಂಟೆ ಬಿಟ್ಟು ಕಬ್ಬಿಣ, ಕ್ಯಾಲ್ಸಿಯಂ. ಡೋಸ್ ಬದಲಿಸದೆ 6 ವಾರಕ್ಕೆ 2.1 ಬಂತು.

ಇನ್ನೊಂದು ಮಾತು ಸೇರಿಸಿ. ಗರ್ಭ ಪರೀಕ್ಷೆ ಪಾಸಿಟಿವ್ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು, ಮುಂದಿನ ಚೆಕಪ್‌ವರೆಗೆ ಕಾಯಬಾರದು. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ, ಡೋಸನ್ನು ಸಾಮಾನ್ಯವಾಗಿ ಶೇ 25–30ರಷ್ಟು ಏರಿಸುತ್ತಾರೆ. ನಮ್ಮತ್ತೆ ‘ಬಸುರಿಗೆ ಇಷ್ಟೊಂದು ಮಾತ್ರೆ ಯಾಕೆ, ನಿಲ್ಲಿಸು’ ಅಂದಿದ್ದರು. ಅಂಥ ಮನೆಗಳಲ್ಲೂ ನಿಮ್ಮ ಲೇಖನ ಓದುತ್ತಾರೆ.