ನಾಟಕ ಇರೋದು ಓದೋದಕ್ಕಾ, ನೋಡೋದಕ್ಕಾ?

ಪರ: ಯಾರಾದರೂ ಆಡಲಿ ಅಂತ ಎಷ್ಟು ದಿನ ಕಾಯೋದು?

ಮೈಸೂರಲ್ಲಿದ್ದುಕೊಂಡು ನಾಟಕ ಓದುತ್ತೇನೆ ಅಂದರೆ ಜನ ಒಂಥರಾ ನೋಡುತ್ತಾರೆ. ರಂಗಾಯಣದಂಥ ನಾಟಕ ಸಂಸ್ಥೆ ಇದೆ, ಕಲಾಮಂದಿರ ಪಕ್ಕದಲ್ಲೇ ಇದೆ, ಹೋಗಿ ನೋಡಬಾರದಾ ಅಂತ ಕೇಳುತ್ತಾರೆ. ನೋಡುತ್ತೇನೆ. ರಂಗಾಯಣದ ಬಹುರೂಪಿ ನಾಟಕೋತ್ಸವ ಬಂದರಂತೂ ಮನೆಯಲ್ಲಿ ಕೂರಲು ಆಗುವುದಿಲ್ಲ. ಆದರೆ ಕೆಲಸ, ಅಡುಗೆ, ಮಕ್ಕಳ ಟ್ಯೂಷನ್ನು ಇರುವವರು ಹೊತ್ತಿಗೆ ಸರಿಯಾಗಿ ಅಲ್ಲಿನ ಭೂಮಿಗೀತ ರಂಗಮಂದಿರದ ಬಾಗಿಲಿಗೆ ಹೋಗಿ ನಿಲ್ಲುವುದು ವರ್ಷಕ್ಕೆ ಎಷ್ಟು ಸಲ ಸಾಧ್ಯ? ಹೋದರೂ ಅವತ್ತು ಏನು ಆಡುತ್ತಾರೋ ಅದನ್ನೇ ನೋಡಬೇಕು.

ನಾಟಕಕಾರ ಸಂಸರನ್ನೇ ತಗೊಳ್ಳಿ. ‘ವಿಗಡ ವಿಕ್ರಮರಾಯ’ ನಮ್ಮ ಸೀಮೆಯದೇ ಕಥೆ. ದಳವಾಯಿ, ಅಂದರೆ ಸೇನಾಪತಿ, ವಿಕ್ರಮರಾಯ ಮೈಸೂರಿನ ದೊರೆ ಇಮ್ಮಡಿ ರಾಜ ಒಡೆಯರನ್ನು ಮುಗಿಸಿದ. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ ಅವನ ಲೆಕ್ಕ ಚುಕ್ತಾ ಮಾಡಿದ. ಒಡೆಯರ ಮನೆತನದ ಮೇಲೆ ಒಂದರ ಹಿಂದೊಂದು ನಾಟಕ ಬರೆದ ಸಂಸ 1939ರಲ್ಲಿ ಮೈಸೂರಲ್ಲೇ ತೀರಿಕೊಂಡರು. ಅವರ ಕನ್ನಡ ಬಿಗಿ, ಅದಕ್ಕೊಂದು ಹಳೆಯ ಗತ್ತು. ಆಡುವವರ ನಾಲಗೆ ಹೊರಳಬೇಕು, ಕೇಳುವವರ ಕಿವಿಯೂ ಪಳಗಬೇಕು. ಹಾಗಾಗಿ ಅವರ ಗೊಡವೆಗೆ ಹೋಗುವ ತಂಡಗಳು ಕಡಿಮೆ. ಓದುವವನಿಗೆ ಆ ರಗಳೆ ಇಲ್ಲ. ಮಾತು ಹಿಡಿತಕ್ಕೆ ಸಿಗದಿದ್ದರೆ ಅಲ್ಲೇ ನಿಂತು ಇನ್ನೊಂದು ಸಲ ಓದಿದರಾಯಿತು. ಕನ್ನಡದಲ್ಲಿ ಸಿಕ್ಕಿರುವ ಮೊದಲ ನಾಟಕ ಎನ್ನುವ ‘ಮಿತ್ರವಿಂದಾ ಗೋವಿಂದ’ ಬರೆದ ಸಿಂಗರಾರ್ಯನೂ ಇಲ್ಲಿಯವನೇ, ಚಿಕ್ಕದೇವರಾಜ ಒಡೆಯರ ಕಾಲದವನು. ಅದನ್ನು ಯಾರಾದರೂ ಆಡಲಿ ಅಂತ ಕಾದು ಕೂತರೆ ಆಯುಸ್ಸು ಮುಗಿಯುತ್ತದೆ ಅಷ್ಟೆ.

ಇನ್ನು ಪುರಸೊತ್ತಿನ ವಿಷಯ. ದಪ್ಪ ಕಾದಂಬರಿ ಹಿಡಿದು ನಡುವೆ ಬಿಟ್ಟರೆ ಯಾರು ಯಾರ ಮಗ ಅನ್ನೋದೇ ಮರೆತುಹೋಗುತ್ತದೆ. ನಾಟಕವನ್ನು ಮೊದಲೇ ದೃಶ್ಯ ದೃಶ್ಯವಾಗಿ ಕತ್ತರಿಸಿ ಇಟ್ಟಿರುತ್ತಾರೆ. ಕುಕ್ಕರ್ ಮೂರು ವಿಸಿಲ್ ಹಾಕುವಷ್ಟರಲ್ಲಿ ಒಂದು ದೃಶ್ಯ ಆಗುತ್ತದೆ. ಬೆಂಗಳೂರಿನ ರೈಲಲ್ಲಿ ಕಿಟಕಿ ಸೀಟು ಸಿಕ್ಕಿದರೆ ಪೂರ್ತಿ ನಾಟಕವೇ ಮುಗಿಯುತ್ತದೆ. ನಡುವೆ ಮದ್ದೂರು ವಡೆಗೂ ಟೈಮ್ ಇರುತ್ತದೆ.

ಓದಿನ ದೊಡ್ಡ ಸುಖ ಇನ್ನೊಂದಿದೆ. ಹಿಂದಕ್ಕೆ ಹೋಗಬಹುದು. ಕಾರ್ನಾಡರ ‘ತುಘಲಕ್’ (1964) ಮೊದಲ ದೃಶ್ಯದಲ್ಲಿ ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೇ ದಾವೆ ಹೂಡಿ ಗೆಲ್ಲುತ್ತಾನೆ. ಸುಲ್ತಾನ ತೀರ್ಪಿಗೆ ತಲೆಬಾಗಿ, ಪರಿಹಾರದ ಜೊತೆಗೆ ನೌಕರಿಯನ್ನೂ ಕೊಡುತ್ತಾನೆ. ಆ ಬ್ರಾಹ್ಮಣ ನಿಜಕ್ಕೂ ವೇಷ ಹಾಕಿದ ಅಗಸ ಅಜೀಜ್ ಅಂತ ದೃಶ್ಯ ಮುಗಿಯುವ ಮುಂಚೆಯೇ ನಮಗೆ ಗೊತ್ತಾಗುತ್ತದೆ. ನಗು ಬರುತ್ತದೆ, ಮುಂದಕ್ಕೆ ಹೋಗುತ್ತೇವೆ. ನಾಟಕದ ಕೊನೆಗೆ ಇದೇ ಅಜೀಜ್ ಸುಲ್ತಾನನ ಕೈಗೆ ಸಿಕ್ಕಿಬೀಳುತ್ತಾನೆ. ಆದರೆ ಹೆದರುವುದಿಲ್ಲ. ನಿಮ್ಮ ಮಾತನ್ನು ನಿಜವಾಗಿ ಪಾಲಿಸಿದವನು ನಾನೇ ಅನ್ನುವ ಧಾಟಿಯಲ್ಲಿ ವಾದ ಮಾಡುತ್ತಾನೆ. ಸುಲ್ತಾನ ಅವನನ್ನು ಶಿಕ್ಷಿಸುವುದು ಬಿಟ್ಟು ಹುದ್ದೆ ಕೊಟ್ಟು ಕಳಿಸುತ್ತಾನೆ. ಇಲ್ಲಿಗೆ ಬಂದಮೇಲೆ ಮೊದಲ ದೃಶ್ಯ ಮತ್ತೆ ತೆಗೆದು ನೋಡಿ. ಆಗ ನಗು ತರಿಸಿದ್ದ ದೃಶ್ಯದಲ್ಲಿ ಈಗ ಸುಲ್ತಾನನ ಒಂದೊಂದು ಒಳ್ಳೆಯ ಮಾತಿಗೂ ಭಯವಾಗುತ್ತದೆ. ಆ ಮಾತುಗಳನ್ನೇ ಈ ಕಳ್ಳ ಬಂಡವಾಳ ಮಾಡಿಕೊಂಡಿದ್ದಾನೆ. ಸಭಾಂಗಣದಲ್ಲಿ ಕೂತವರು ನಟರಿಗೆ ಸ್ವಲ್ಪ ಹಿಂದಕ್ಕೆ ಹೋಗಿ ಅನ್ನೋಕೆ ಆಗಲ್ಲ ಅಲ್ವಾ?

ಕುವೆಂಪು ಅವರ ‘ಶೂದ್ರ ತಪಸ್ವಿ’ಯಲ್ಲಿ ರಾಮ ಬಿಟ್ಟ ಬ್ರಹ್ಮಾಸ್ತ್ರ ತಪಸ್ಸಿಗೆ ಕೂತ ಶೂದ್ರ ಶಂಬೂಕನಿಗೆ ನಮಸ್ಕರಿಸಿ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ರಂಗದ ಮೇಲೆ ಎಷ್ಟೇ ಕೆಂಪು ದೀಪ ಹಾಕಿದರೂ ನನ್ನ ತಲೆಯೊಳಗಿನ ಅಸ್ತ್ರದಷ್ಟು ಜೋರಾಗಿ ಅದು ಓಡಲ್ಲ. ಶೇಕ್ಸ್‌ಪಿಯರನ ಲಿಯರ್ ದೊರೆಯನ್ನು ಆಡಲು ಸಾಧ್ಯವೇ ಇಲ್ಲ ಅಂತ ಇಂಗ್ಲಿಷ್ ಲೇಖಕ ಚಾರ್ಲ್ಸ್ ಲ್ಯಾಂಬ್ 1811ರಲ್ಲೇ ಬರೆದಿದ್ದ. ಅಷ್ಟು ದೂರ ನಾನು ಹೋಗುವುದಿಲ್ಲ. ಆಡಲಿ. ಆದರೆ ಆಡದ ದಿನಗಳೇ ಜಾಸ್ತಿ.

ವಿರೋಧ: ಪುಟದಲ್ಲಿ ಒನ್ಸ್ ಮೋರ್ ಇಲ್ಲ

ಮಂಡ್ಯದ ಕಡೆ ಬನ್ನಿ. ಸುಗ್ಗಿ ಕಳೆದು ಜಾತ್ರೆಗಳು ಶುರುವಾದರೆ ಊರೂರಲ್ಲೂ ‘ಕುರುಕ್ಷೇತ್ರ’. ಕಬ್ಬು ಬೆಳೆಯುವವರು, ಡೈರಿಯಲ್ಲಿ ಹಾಲು ಅಳೆಯುವವರು, ಆಟೋ ಓಡಿಸುವವರು ತಿಂಗಳುಗಟ್ಟಲೆ ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಮುಂದೆ ಕೂರುತ್ತಾರೆ. ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ದುರ್ಯೋಧನನಿಗೆ ಜಾಸ್ತಿ, ಸಣ್ಣಪುಟ್ಟ ಪಾತ್ರಕ್ಕೆ ಕಮ್ಮಿ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಇವರ ಕೈಯಲ್ಲೂ ಪುಸ್ತಕ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಮೂಲೆ ಮಡಿಸಿರುತ್ತಾರೆ, ತಮ್ಮ ಮಾತಿನ ಕೆಳಗೆ ಪೆನ್ಸಿಲ್ ಗೀಟು ಎಳೆದಿರುತ್ತಾರೆ. ಅದನ್ನು ಸುಖಕ್ಕೆ ಅಂತ ಓದುವವರನ್ನು ನಾನು ಕಂಡಿಲ್ಲ. ಕಂದಪದ್ಯ ಅಂದರೆ ಪುಟದಲ್ಲಿ ಬರೀ ನಾಲ್ಕು ಸಾಲು. ರಾತ್ರಿ ಎರಡು ಗಂಟೆಗೆ ಭೀಮ ಗದೆ ಹೆಗಲಿಗೇರಿಸಿ, ಹಾರ್ಮೋನಿಯಂ ಜೊತೆ ಜಿದ್ದಿಗೆ ಬಿದ್ದು ಅದೇ ನಾಲ್ಕು ಸಾಲನ್ನು ಎಳೆದೆಳೆದು ಹಾಡುತ್ತಾನೆ. ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಬೀಳುತ್ತದೆ. ಯುದ್ಧ ಅಲ್ಲಿಗೇ ನಿಲ್ಲುತ್ತದೆ. ಯಾರೋ ಹತ್ತಿ ಬಂದು ಹಾರ ಹಾಕುತ್ತಾರೆ. ಭೀಮ ಮೀಸೆ ಸರಿಮಾಡಿಕೊಂಡು ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಾನೆ. ಇದನ್ನು ಕುಕ್ಕರ್ ಪಕ್ಕ ಕೂತು ಓದಿಕೊಳ್ಳಿ ನೋಡೋಣ.

ಇದು ಹಳ್ಳಿ ನಾಟಕದ ಮಾತಾಯಿತು, ಸಾಹಿತ್ಯದ ನಾಟಕ ಬೇರೆ ಅನ್ನುತ್ತೀರಾ? ಕೈಲಾಸಂ ತಮ್ಮ ನಾಟಕಗಳನ್ನು ಬರೆದಿದ್ದಕ್ಕಿಂತ ಬಾಯಲ್ಲಿ ಹೇಳಿ ಬರೆಸಿದ್ದೇ ಜಾಸ್ತಿ. ಆ ಅರ್ಧ ಇಂಗ್ಲಿಷು, ಅರ್ಧ ಕನ್ನಡದ ಮಾತನ್ನು ಕಣ್ಣಲ್ಲಿ ಓದಿದರೆ ತಲೆಚಿಟ್ಟು ಹಿಡಿಯುತ್ತದೆ. ಗಟ್ಟಿಯಾಗಿ ಹೇಳಿದ ಕೂಡಲೇ ನಗು ಬರುತ್ತದೆ. ಮೌನದ್ದೂ ಇದೇ ಕಥೆ. ಪುಸ್ತಕದಲ್ಲಿ ‘ಮೌನ’ ಅಂತ ಕಂಸದೊಳಗೆ ಹಾಕಿರುತ್ತಾರೆ. ಕಣ್ಣು ಅದನ್ನು ದಾಟಿ ಮುಂದಿನ ಮಾತಿಗೆ ಹಾರಿರುತ್ತದೆ. ರಂಗದ ಮೇಲೆ ಅದೇ ಮೌನ ಎಷ್ಟು ಹೊತ್ತು ಅಂದರೆ, ಪಕ್ಕದವರ ಕೆಮ್ಮು ಕೂಡ ಅಪರಾಧ ಅನ್ನಿಸುವಷ್ಟು.

ಹಿಂದಕ್ಕೆ ಹೋಗಬಹುದು ಅನ್ನುವ ವಾದ ಚೆನ್ನಾಗಿದೆ. ಅದಕ್ಕೆ ಕಾರ್ನಾಡರಿಂದಲೇ ಉತ್ತರ ಕೊಡುತ್ತೇನೆ. ‘ಹಯವದನ’ದಲ್ಲಿ ಪದ್ಮಿನಿ ಅವಸರದಲ್ಲಿ ತನ್ನ ಗಂಡ ದೇವದತ್ತ, ಅವನ ಗೆಳೆಯ ಕಪಿಲ ಇಬ್ಬರ ಕಡಿದ ತಲೆಗಳನ್ನು ಅದಲುಬದಲಾಗಿ ಜೋಡಿಸಿಬಿಡುತ್ತಾಳೆ. ಈಗ ಗಂಡ ಯಾರು? ತಲೆ ಇರುವವನೋ, ಮೈ ಇರುವವನೋ? ನಾಟಕವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ. ಆದರೆ ಪುಸ್ತಕದಲ್ಲಿ ಪ್ರತಿ ಮಾತಿನ ಮುಂದೆ ‘ದೇವದತ್ತ’, ‘ಕಪಿಲ’ ಅಂತ ಅಚ್ಚಾಗಿರುತ್ತದೆ, ಅದೂ ತಲೆಯ ಲೆಕ್ಕದಲ್ಲಿ. ಪಾತ್ರಗಳು ಜಗಳ ಶುರುಮಾಡುವ ಮೊದಲೇ ಮುದ್ರಕ ತೀರ್ಪು ಕೊಟ್ಟಾಗಿದೆ! ರಂಗದ ಮೇಲೆ ಯಾರ ಹೆಸರನ್ನೂ ಹಣೆಗೆ ಅಂಟಿಸಿರುವುದಿಲ್ಲ. ಮುಖ ಒಬ್ಬನದು, ನಡಿಗೆ ಇನ್ನೊಬ್ಬನದು. ನೋಡುವವರೂ ಪದ್ಮಿನಿಯಷ್ಟೇ ಒದ್ದಾಡಬೇಕು. ಈ ನಾಟಕವನ್ನು ಹತ್ತು ಸಲ ಹಿಂದಕ್ಕೆ ತಿರುವಿ ಓದಿದರೂ ಆ ಒದ್ದಾಟ ಸಿಗುವುದಿಲ್ಲ.

ಅಂದಹಾಗೆ, ‘ಶೂದ್ರ ತಪಸ್ವಿ’ ರಂಗದ ಮೇಲೂ ಬಂದಿದೆ. ತಲೆಯೊಳಗಿನ ಅಸ್ತ್ರವೇ ಜೋರು ಅನ್ನುವುದು ಓದುವವರು ತಮಗೆ ತಾವೇ ಕೊಟ್ಟುಕೊಳ್ಳುವ ಸರ್ಟಿಫಿಕೇಟು. ಅದನ್ನು ಪರೀಕ್ಷೆ ಮಾಡುವವರು ಯಾರು?

ಪುರಸೊತ್ತಿಲ್ಲ ಅನ್ನುವ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. 2010ರಲ್ಲಿ ರಂಗಾಯಣದ ಅಂಗಳದಲ್ಲಿ ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ನಾಟಕವಾಗಿ ರಾತ್ರಿಯಿಡೀ ನಡೆಯಿತು. ಜನ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ಹೋಗಿ ಕೂತು ಬೆಳಗಿನವರೆಗೆ ನೋಡಿದರು. ಅವರಿಗೂ ಮನೆ ಇತ್ತು, ಮಾರನೇ ದಿನ ಕೆಲಸ ಇತ್ತು. ಕಾದಂಬರಿಯನ್ನು ಮುಟ್ಟದೇ ಇದ್ದವರೂ ಅಲ್ಲಿ ಐತ, ಪೀಂಚಲು, ಗುತ್ತಿ, ತಿಮ್ಮಿಯನ್ನು ಕಣ್ಣಾರೆ ಕಂಡು ಬಂದರು.

ಸಂಸರ ವಿಷಯದಲ್ಲಿ ಮಾತ್ರ ಎದುರು ಪಕ್ಷಕ್ಕೆ ಸ್ವಲ್ಪ ಬಗ್ಗುತ್ತೇನೆ. ಆಡುವವರು ಕಡಿಮೆ, ನಿಜ. ಹಾಗಂತ ಒಬ್ಬೊಬ್ಬರೇ ಮೂಲೆಯಲ್ಲಿ ಸುಮ್ನೆ ಕೂತು ಓದಬೇಕಾ? ನಾಲ್ಕು ಜನ ಭಾನುವಾರ ಒಂದು ಮನೆಯ ಹಜಾರದಲ್ಲಿ ಸೇರಿ, ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಲಿ. ಸೀನರಿ ಬೇಡ, ಬಾಡಿಗೆ ಡ್ರೆಸ್ಸೂ ಬೇಡ. ವಿಕ್ರಮರಾಯನ ಪಾತ್ರ ನನಗೆ ಬಿಡಿ, ಬೇಕಿದ್ದರೆ ನಮ್ಮ ಕಡೆಯ ಪದ್ಧತಿಯಂತೆ ದುಡ್ಡೂ ಕೊಡುತ್ತೇನೆ.