ಸುಂಕದವನ ಮುಂದೆ ಸ್ವಾತಂತ್ರ್ಯ

ಸರ್ಕಾರಿ ಕೆಲಸ ಬೇಕು ಅಂತ ಹುಡುಗರು ಸುಮ್ನೆ ಕೋಚಿಂಗ್ ಸೆಂಟರಿಗೆ ದುಡ್ಡು ಸುರಿಯುತ್ತಾರೆ. ಅದರ ಬದಲು, ಸರ್ಕಾರ ಎಲ್ಲದಕ್ಕೂ ಮೂಗು ತೂರಿಸಬಾರದು ಅಂತ ಒಂದು ದಪ್ಪ ಪುಸ್ತಕ ಬರೆದರೆ ಸಾಕು. ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಸಾಹೇಬರಿಗೆ ಕೆಲಸ ಸಿಕ್ಕಿದ್ದೇ ಹಾಗೆ.

1776ರಲ್ಲಿ ಬಂದ ಅವರ ‘ವೆಲ್ತ್ ಆಫ್ ನೇಷನ್ಸ್’ ಹೇಳಿದ್ದೇನು? ಪರದೇಶದ ಮಾಲಿಗೆ ನಿಷೇಧ ಹಾಕಿದರೆ ಲಾಭ ನಾಲ್ಕು ವ್ಯಾಪಾರಿಗಳಿಗೆ, ನಷ್ಟ ಊರಿಗೆಲ್ಲ. ಕಳ್ಳಸಾಗಣೆ ಮಾಡುವವನ ಮೇಲೂ ಅವರಿಗೆ ಕನಿಕರ. ಕಾನೂನು ಅಡ್ಡ ಬರದಿದ್ದರೆ ಅವನೂ ಒಳ್ಳೆಯ ಪ್ರಜೆಯೇ ಆಗಿರುತ್ತಿದ್ದ ಅಂತ ಬರೆದರು. ಎರಡೇ ವರ್ಷಕ್ಕೆ ಸರ್ಕಾರ ಅವರನ್ನು ಸ್ಕಾಟ್ಲೆಂಡಿನ ಸುಂಕದ ಕಮಿಷನರ್ ಮಾಡಿತು. ಕೆಲಸ, ಅದೇ ಒಳ್ಳೆಯ ಪ್ರಜೆಗಳನ್ನು ಹಿಡಿಸುವುದು. ಸಂಬಳ ವರ್ಷಕ್ಕೆ 600 ಪೌಂಡ್, ಅದರಲ್ಲಿ 100 ಉಪ್ಪಿನ ಸುಂಕದ ಬಾಬ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಅಂತಾರೆ. ಇಲ್ಲಿ ನಮ್ಮ ದುಃಖವನ್ನೆಲ್ಲ ಸುಂಕದವರೇ ಮೊದಲು ಬರೆದಿಟ್ಟಿದ್ದರು!

ಕುರ್ಚಿ ಹತ್ತಿದ ಸಾಹೇಬರು ನಿಷೇಧದ ಪಟ್ಟಿ ಓದಿದರು. ಎದೆ ಧಸಕ್ಕೆಂದಿತು. ತಮ್ಮ ಕೊರಳಪಟ್ಟಿ, ತೋಳಿನ ಝಾಲರಿ, ಕರವಸ್ತ್ರ, ಹೆಚ್ಚುಕಮ್ಮಿ ಎಲ್ಲವೂ ಅದರಲ್ಲಿದ್ದವು. ಎಲ್ಲವನ್ನೂ ಸುಟ್ಟುಬಿಟ್ಟರು. 1780ರಲ್ಲಿ ರಾಜಕಾರಣಿ ವಿಲಿಯಂ ಈಡನ್‌ಗೆ ಇದನ್ನು ತಾವೇ ಬರೆದು, ನೀವಂತೂ ನಿಮ್ಮದಾಗಲಿ ನಿಮ್ಮ ಹೆಂಡತಿಯದಾಗಲಿ ಬಟ್ಟೆಬರೆ ತಪಾಸಣೆಗೆ ಇಳಿಯಬೇಡಿ ಅಂತ ಬುದ್ಧಿ ಹೇಳಿದರು. ಪುಸ್ತಕ ಸುಡಲಿಲ್ಲ, ಪುಣ್ಯ. ರಾಜೀನಾಮೆಯನ್ನೂ ಕೊಡಲಿಲ್ಲ. 1790ರಲ್ಲಿ ತೀರಿಕೊಳ್ಳುವವರೆಗೂ ಕಮಿಷನರೇ.

ಇವರಿಗೂ ಹಿರಿಯರು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. ಜೀವ, ಸ್ವಾತಂತ್ರ್ಯ, ಆಸ್ತಿ ಹುಟ್ಟಿನಿಂದ ಬಂದ ಹಕ್ಕು, ಜನ ಒಪ್ಪದ ಸರ್ಕಾರಕ್ಕೆ ಬೆಲೆಯಿಲ್ಲ ಅಂತ ಸಾರಿದವರು. ಗುಲಾಮರನ್ನು ಹಡಗಿಗೆ ತುಂಬುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಕೊಂಡಿದ್ದರು. ಆಸ್ತಿ ಹಕ್ಕು ಅಂದಮೇಲೆ ಆಸ್ತಿ ಬೇಕಲ್ವಾ?

ಸ್ವಾತಂತ್ರ್ಯದ ಇನ್ನೊಬ್ಬ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಇನ್ನೂ ಅಚ್ಚುಕಟ್ಟು. 1823ರಿಂದ 1858ರವರೆಗೆ, 35 ವರ್ಷ, ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಉದ್ಯೋಗ. ನಮ್ಮ ಸಂಸ್ಥಾನಗಳ ಕಾಗದಪತ್ರ ಅವರ ಮೇಜಿಗೇ ಹೋಗುತ್ತಿತ್ತು. ಆ ನಡುವೆಯೇ, 1831ರಲ್ಲಿ, ಮೈಸೂರಿನ ಅರಸರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದು. ಕಂಪನಿಯನ್ನು ಮುಚ್ಚಬೇಡಿ ಅಂತ ಪಾರ್ಲಿಮೆಂಟಿಗೆ ಮನವಿ ಬರೆದುಕೊಟ್ಟವರೂ ಇವರೇ. ಪಿಂಚಣಿ ಶುರುವಾದ ಮರುವರ್ಷ ‘ಆನ್ ಲಿಬರ್ಟಿ’ ಬಂತು. ಯಾರಿಗೂ ಕೆಡುಕಾಗದಂತೆ ಬದುಕುವವನ ತಂಟೆಗೆ ಹೋಗಬೇಡಿ ಅನ್ನುವ ಚಂದದ ಪುಸ್ತಕ. ನಿಜಕ್ಕೂ ಚಂದ. ಆದರೆ ಹಿಂದುಳಿದ ಸಮಾಜಗಳಿಗೆ ಈ ಮಾತು ಅನ್ವಯಿಸೋಲ್ಲ ಅಂತ ಮೊದಲ ಅಧ್ಯಾಯದಲ್ಲೇ ಕೈ ತೊಳೆದುಕೊಂಡಿದ್ದಾರೆ. ಅಂಥವರಿಗೆ ಅಕ್ಬರನೋ ಯುರೋಪಿನ ಚಕ್ರವರ್ತಿ ಶಾರ್ಲಮೇನನೋ ಸಿಕ್ಕರೆ ಅದೃಷ್ಟ, ಹೇಳಿದ ಹಾಗೆ ಕೇಳಿಕೊಂಡಿರಲಿ ಅಂತೆ.

ನಮಗೆ ಅಕ್ಬರ್ ಸಿಗಲಿಲ್ಲ, ಮೈಸೂರು ಆಳಲು ಬಂದ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬರು ಸಿಕ್ಕರು. ಅವರ ಹೆಸರಿನ ಪಾರ್ಕಿಗೆ ಆಮೇಲೆ ಸರ್ಕಾರ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟಿತು. ಬೆಂಗಳೂರಿನಲ್ಲಿ ಆಟೋ ಹತ್ತಿ ಆ ಹೆಸರು ಹೇಳಿ ನೋಡಿ.