ಆಂಟಿಗೊನಿ ‘ಯಾವ ಕಾನೂನಿಗೂ ಬಗ್ಗದವಳು’ ಅಲ್ಲ

‘ಆಂಟಿಗೊನಿ ಯಾವ ಕಾನೂನಿಗೂ ಬಗ್ಗದೆ ಮನಸ್ಸಾಕ್ಷಿಯಂತೆ ನಡೆದಳು, ಅದಕ್ಕೇ ರಾಜ ಕ್ರೆಯಾನ್ ಅವಳ ತಲೆ ತೆಗೆಸಿದ’ ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಆಂಟಿಗೊನಿ’ ನಾಟಕ ಕ್ರಿ.ಪೂ. 441ರ ಸುಮಾರಿನದು. ಥೀಬ್ಸ್ ನಗರದ ಮೇಲೆ ದಂಡೆತ್ತಿ ಬಂದು ಸತ್ತ ಪಾಲಿನೈಸಿಸ್‌ನ ಹೆಣಕ್ಕೆ ಯಾರೂ ಮಣ್ಣು ಹಾಕಬಾರದು ಅಂತ ಕ್ರೆಯಾನ್ ಸಾರಿರುತ್ತಾನೆ. ಒಡಹುಟ್ಟಿದ ಆಂಟಿಗೊನಿ ಕೈಯಾರೆ ಒಣ ಮಣ್ಣು ತಂದು ಉದುರಿಸಿ, ಕಂಚಿನ ಹೂಜಿಯಿಂದ ಮೂರು ಸಲ ತರ್ಪಣ ಎರೆಯುವಾಗ ಕಾವಲಿನವರ ಕೈಗೆ ಸಿಕ್ಕಿಬೀಳುತ್ತಾಳೆ. ಆಗ ಅವಳು ಕ್ರೆಯಾನನಿಗೆ ‘ನನಗೆ ಸರಿ ಕಂಡಿತು, ಮಾಡಿದೆ’ ಅಂತ ಸುಮ್ನೆ ಹೇಳುವುದಿಲ್ಲ. ನಿನ್ನ ಆಜ್ಞೆ ದೇವರುಗಳ ರಾಜ ಜ್ಯೂಸ್ ಕೊಟ್ಟದ್ದಲ್ಲ, ದೇವರುಗಳ ಬರೆಯದ ಕಟ್ಟಳೆ ಅದಕ್ಕಿಂತ ದೊಡ್ಡದು ಅನ್ನುತ್ತಾಳೆ. ಅಂದರೆ ಅವಳೂ ಒಂದು ಕಾನೂನನ್ನೇ ಪಾಲಿಸುತ್ತಿದ್ದಾಳೆ, ಅಲ್ವಾ?

ಗಂಡನೋ ಮಗುವೋ ಸತ್ತಿದ್ದರೆ ಊರಿಗೆ ಎದುರು ನಿಲ್ಲುತ್ತಿರಲಿಲ್ಲ, ಅಪ್ಪ ಅಮ್ಮ ಸತ್ತ ಮೇಲೆ ಇನ್ನೊಬ್ಬ ಸೋದರ ಹುಟ್ಟುವುದಿಲ್ಲವಲ್ಲ ಅಂತಲೂ ಹೇಳುತ್ತಾಳೆ. ಈ ಸಾಲುಗಳು ಸೊಫೊಕ್ಲಿಸ್‌ನದೇ ಅಲ್ಲ ಅಂತ ವಾದಿಸುವ ವಿದ್ವಾಂಸರಿದ್ದಾರೆ. ನನಗಂತೂ ಅವಳು ಜಾಸ್ತಿ ಹತ್ತಿರವಾಗುವುದು ಇಲ್ಲೇ.

ಇನ್ನು ಸಾವು. ಮೊದಲು ಸಾರಿದ ಶಿಕ್ಷೆ ಕಲ್ಲು ಹೊಡೆದು ಕೊಲ್ಲುವುದು. ಆಮೇಲೆ ಕ್ರೆಯಾನ್, ಊರಿಗೆ ಪಾಪ ತಟ್ಟದಿರಲಿ ಅಂತ ಸ್ವಲ್ಪ ಊಟ ಇಟ್ಟು ಅವಳನ್ನು ಜೀವಂತ ಗವಿಯಲ್ಲಿ ಮುಚ್ಚಿಸುತ್ತಾನೆ. ಕುರುಡ ಕಣಿಗಾರ ಟೈರೀಸಿಯಸ್ ಎಚ್ಚರಿಸಿದ ಮೇಲೆ ಮನಸ್ಸು ಬದಲಿಸುತ್ತಾನೆ, ಆದರೆ ಮೊದಲು ಪಾಲಿನೈಸಿಸ್‌ನ ಸಂಸ್ಕಾರ ಮುಗಿಸಿ ಆಮೇಲೆ ಗವಿಗೆ ಹೋಗುತ್ತಾನೆ. ಅಷ್ಟರಲ್ಲಿ ಅವಳು ನೇಣು ಹಾಕಿಕೊಂಡಿರುತ್ತಾಳೆ. ಅವಳನ್ನು ಮದುವೆಯಾಗಬೇಕಿದ್ದ ಕ್ರೆಯಾನನ ಮಗ ಹೀಮನ್ ಕೂಡ ಅಲ್ಲೇ ಪ್ರಾಣ ಬಿಡುತ್ತಾನೆ.